ಚೆನ್ನಾಗಿರುವವರಿಗೆ ಪೂರ್ವಾನುಮತಿ ಇಲ್ಲ

ನಮ್ಮ ಬೀದಿಯಲ್ಲಿ ಯಾರಿಗೆ ಯಾವ ಅರ್ಜಿ ಬೇಕಾದರೂ ನನ್ನ ಹತ್ತಿರ ಬರುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬವಿಲ್ಲದೆ ಹೇಳುವುದು ಹೇಗೆಂದು ಗೊತ್ತಿಲ್ಲದ್ದರಿಂದ ಹೀಗೆ ಹೇಳುತ್ತಿದ್ದೇನೆ. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿ ಜನರ ಅರ್ಜಿಗಳನ್ನು ಓದಿದ್ದೇನೆ. ಯಾವ ಅರ್ಜಿ ಮೇಜಿನ ಮೇಲೆ ಉಳಿಯುತ್ತದೆ, ಯಾವುದು ಡ್ರಾಯರಿನೊಳಗೆ ಹೋಗಿ ಮತ್ತೆ ಸೂರ್ಯನ ಮುಖ ನೋಡುವುದಿಲ್ಲ ಎಂಬುದು ನನಗೆ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟ. ಗುಟ್ಟು ಇಷ್ಟೇ. ಮೊದಲು ಅಧಿಕಾರಿಗೆ ಕೃತಜ್ಞತೆ. ಆಮೇಲೆ ಅವರಿಂದ ಈಗಾಗಲೇ ಆಗಿರುವ ಉಪಕಾರವನ್ನು ನಾಲ್ಕು ಪಟ್ಟು ಹಿಗ್ಗಿಸಿ ವರ್ಣಿಸುವುದು. ಕೊನೆಗೆ, ಅವರು ಖುಷಿಯಾಗಿರುವಾಗ, ಬೇಕಾದ್ದನ್ನು ಮೆಲ್ಲಗೆ ಕೇಳುವುದು. ಈ ಕ್ರಮದಲ್ಲಿ ಬರೆದ ಅರ್ಜಿ ನನ್ನ ಕೈಯಲ್ಲಿ ಯಾವತ್ತೂ ಸೋತಿರಲಿಲ್ಲ, ನಮ್ಮ ಭಾವನ ನಿದ್ದೆಯ ವಿಷಯ ಬರುವವರೆಗೆ.

ಭಾವ, ಅಂದರೆ ನನ್ನ ಅಕ್ಕನ ಗಂಡ, ಬಸ್ ಚಾಲಕರು. ಹನ್ನೊಂದನೇ ನಂಬರಿನ ಬಸ್ಸು, ರೈಲು ನಿಲ್ದಾಣದಿಂದ ಹೊರಟು ದೊಡ್ಡಾಸ್ಪತ್ರೆ ಸುತ್ತಿಕೊಂಡು ಗಾಜಿನ ಕಾರ್ಖಾನೆಯ ಗೇಟಿನವರೆಗೆ. ಇಪ್ಪತ್ತೆರಡು ವರ್ಷದಿಂದ ಅದೇ ದಾರಿ. ಆ ದಾರಿಯ ಗುಂಡಿಗಳೆಲ್ಲ ಅವರಿಗೆ ಪರಿಚಯದವು. ಆಸ್ಪತ್ರೆಯ ನರ್ಸ್ ಒಬ್ಬಳು ದಿನಾ ಓಡೋಡಿ ಬರುತ್ತಾಳೆಂದು ಅವಳಿಗಾಗಿ ಅರ್ಧ ನಿಮಿಷ ನಿಲ್ಲಿಸಿ, ಆ ಅರ್ಧ ನಿಮಿಷವನ್ನು ಮುಂದಿನ ಎರಡು ನಿಲ್ದಾಣಗಳಲ್ಲಿ ಯಾರಿಗೂ ಗೊತ್ತಾಗದಂತೆ ಸರಿದೂಗಿಸುವ ಮನುಷ್ಯ. ಅವರಿಗೆ ಬಸ್ಸು ಬಿಟ್ಟರೆ ಬೇರೆ ಹುಚ್ಚಿಲ್ಲ. ಆದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಒಂದಿದೆ. ಡಾಕ್ಟರುಗಳು ಅದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಎರಡು ವರ್ಷದ ಹಿಂದೆ ಪರೀಕ್ಷೆ ಮಾಡಿಸಿ, ಮೂಗಿಗೆ ಮುಖವಾಡ ಕಟ್ಟಿ ರಾತ್ರಿಯೆಲ್ಲ ಗಾಳಿ ಊದುವ ಯಂತ್ರವೊಂದನ್ನು ಕೊಟ್ಟಿದ್ದರು. ಖರ್ಚನ್ನು ವಿಮಾ ಕಂಪನಿ ನೋಡಿಕೊಂಡಿತ್ತು. ಒಂದೂಕಾಲು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಭಾವ ಮತ್ತೆ ಕೂತಲ್ಲಿ ತೂಕಡಿಸಲು ಶುರುಮಾಡಿದರು.

ಸ್ಟಿಯರಿಂಗ್ ಹಿಡಿದಾಗ ಅವರು ಒಂದು ದಿನವೂ ಕಣ್ಣು ಮುಚ್ಚಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಅವರು ನಿದ್ದೆ ಹೋದದ್ದು ಡಿಪೋದಲ್ಲಿ ನಡೆದ ಒಂದು ಉಪನ್ಯಾಸದಲ್ಲಿ. ಉಪನ್ಯಾಸದ ವಿಷಯ ‘ಎಚ್ಚರದ ಚಾಲನೆ’. ಕೂತದ್ದು ಮೊದಲನೇ ಸಾಲಿನಲ್ಲಿ. ಗೊರಕೆ ಎಷ್ಟು ಜೋರಾಗಿತ್ತೆಂದರೆ ಉಪನ್ಯಾಸಕರು ಮೈಕ್ ಕೆಟ್ಟಿದೆ ಎಂದುಕೊಂಡು ಅದನ್ನು ಮೂರು ಸಲ ಬಡಿದು ನೋಡಿದರಂತೆ.

ಡಿಪೋ ಮ್ಯಾನೇಜರು ಕೆಟ್ಟವರಲ್ಲ. ಆದರೆ ಅವರಿಗೂ ತಲೆಬಿಸಿ.

"ಬಸ್ಸಲ್ಲಿ ನಾನು ಒಂದಿನ ಆದ್ರೂ ಕಣ್ಣು ಮುಚ್ಚಿದೀನಾ ಸಾರ್?" ಎಂದು ಭಾವ ಕೇಳಿದರು.

"ಇಲ್ಲಪ್ಪ. ಆದ್ರೆ ಮುಚ್ಚೋವರೆಗೂ ನಾನು ಕಾಯ್ತಾ ಕೂರೋಕಾಗುತ್ತಾ? ಈ ತಿಂಗಳು ಮುಗಿಯೋದ್ರೊಳಗೆ ಹೊಸದಾಗಿ ನಿದ್ದೆ ಪರೀಕ್ಷೆ ಮಾಡಿಸಿ ರಿಪೋರ್ಟ್ ತಗೊಂಡು ಬಾ. ತಂದ್ರೆ ಬಸ್ಸು ನಿಂದು. ಇಲ್ಲಾಂದ್ರೆ ನಿನ್ನ ಮಾರ್ಗ ಬೇರೆಯವರಿಗೆ ಖಾಯಂ. ಅಲ್ಲೀವರೆಗೆ ಮರೆತು ಹೋದ ವಸ್ತುಗಳ ರೂಮಲ್ಲಿ ಕೂತಿರು."

ಹೀಗೆ ಭಾವ ಪ್ರಯಾಣಿಕರು ಬಿಟ್ಟುಹೋದ ವಸ್ತುಗಳ ಕೋಣೆಗೆ ಬಂದರು. ನೂರಾ ನಲವತ್ತು ಕೊಡೆ, ಒಂಟಿ ಚಪ್ಪಲಿಗಳು, ಒಂದು ಜೊತೆ ಕಟ್ಟುಹಲ್ಲು, ಅವುಗಳ ನಡುವೆ ಒಂದು ಸ್ಟೂಲಿನ ಮೇಲೆ ನಮ್ಮ ಭಾವ. ನಿವೃತ್ತಿಗೆ ಇನ್ನೂ ಒಂಬತ್ತು ವರ್ಷವಿತ್ತು. ಆ ಕೋಣೆಗೆ ಒಂದು ಕಿಟಕಿ. ಹನ್ನೊಂದನೇ ನಂಬರು ಹೊರಗೆ ಹೋಗುವಾಗೆಲ್ಲ ಭಾವ ಎದ್ದು ಹೋಗಿ ನೋಡುತ್ತಿದ್ದರು. ಬದಲಿ ಚಾಲಕ ಗೇರು ಹಾಕುವ ಕರಕರ ಸದ್ದು ಕೇಳಿ, ಹಲ್ಲು ಕೀಳಿಸಿಕೊಳ್ಳುವವರಂತೆ ಮುಖ ಕಿವುಚುತ್ತಿದ್ದರು. ಯಾರಾದರೂ "ಹೇಗಿದೀರಿ?" ಎಂದರೆ "ಚೆನ್ನಾಗಿದೀನಿ" ಎನ್ನುತ್ತಿದ್ದರು. ಅದು ಅವರ ಅಭ್ಯಾಸ. ಕಾಲಿನ ಮೇಲೆ ಬಸ್ಸಿನ ಟೈರೇ ನಿಂತಿದ್ದರೂ ಅವರು ಚೆನ್ನಾಗಿಯೇ ಇರುತ್ತಾರೆ.

ನಿದ್ದೆಯ ಕ್ಲಿನಿಕ್ಕಿನ ಡಾಕ್ಟರಮ್ಮ ವಿಷಯವನ್ನು ಬಿಡಿಸಿ ಹೇಳಿದರು. "ನೋಡಿ, ಆಗ ಯಂತ್ರಕ್ಕೆ ಇಟ್ಟಿದ್ದ ಗಾಳಿಯ ಒತ್ತಡ ಈಗ ನಿಮಗೆ ಸಾಲ್ತಿಲ್ಲ ಅನ್ಸುತ್ತೆ. ಯಂತ್ರ ಹಳೇದು, ಎಷ್ಟು ಗಂಟೆ ಹಾಕ್ಕೊಂಡಿದ್ರಿ ಅಂತ ಮಾತ್ರ ಹೇಳುತ್ತೆ, ಒಳಗೆ ಏನಾಯ್ತು ಅಂತ ಹೇಳಲ್ಲ. ಮತ್ತೆ ಒಂದು ರಾತ್ರಿ ಇಲ್ಲಿ ಮಲಗಿಸಿ, ಮೈಗೆಲ್ಲ ತಂತಿ ಹಚ್ಚಿ ನೋಡಬೇಕು. ಆದ್ರೆ ವಿಮಾ ಕಂಪನಿಯಿಂದ ಪೂರ್ವಾನುಮತಿ ಬರಬೇಕು. ಮೊದಲನೇ ಪರೀಕ್ಷೆಗೆ ಬೇಗ ಹ್ಞೂಂ ಅಂತಾರೆ. ಎರಡನೇದಕ್ಕೆ ‘ಮತ್ತೆ ಯಾಕೆ’ ಅಂತಾರೆ. ನನ್ನ ಭಾಗ ನಾನು ತುಂಬಿದೀನಿ. ನಿಮ್ಮ ತೊಂದರೆ ಏನು ಅಂತ ನೀವು ಇಲ್ಲಿ ಬರೀರಿ."

ಫಾರಮ್ಮಿನಲ್ಲಿ ಅದಕ್ಕೆ ಬಿಟ್ಟ ಜಾಗ ನಾಲ್ಕು ಗೆರೆ. ನನಗೆ ಮೈ ಉರಿಯಿತು. ನಾಲ್ಕು ಗೆರೆಯಲ್ಲಿ ಕೃತಜ್ಞತೆಯೇ ಮುಗಿಯುವುದಿಲ್ಲ!

"ಭಾವ, ಇದನ್ನ ನನಗೆ ಬಿಡಿ," ಎಂದೆ.

"ಸುಮ್ನೆ ‘ಮತ್ತೆ ನಿದ್ದೆ ಸರಿಯಾಗಿ ಬರ್ತಿಲ್ಲ’ ಅಂತ ಬರೆದ್ರೆ ಸಾಕಲ್ವೇನೋ?" ಎಂದಳು ಅಕ್ಕ.

"ಅಕ್ಕಾ, ನೀನು ಸುಮ್ನಿರು. ಆಫೀಸಿನವರ ಮನಸ್ಸು ನಿನಗೆ ಗೊತ್ತಾಗಲ್ಲ."

ಎರಡು ಹಾಳೆಯ ಪತ್ರ ಬರೆದೆ. ನಕಲು ಇನ್ನೂ ನನ್ನ ಹತ್ತಿರವಿದೆ. ನಡುವಿನ ಭಾಗ ಹೀಗಿತ್ತು: ‘ತಮ್ಮ ಉದಾರ ಕೃಪೆಯಿಂದ ಎರಡು ವರ್ಷಗಳ ಹಿಂದೆ ಮಂಜೂರಾದ ಚಿಕಿತ್ಸೆಯ ಫಲವಾಗಿ, ಅರ್ಜಿದಾರರು ಇಂದು ತೊಟ್ಟಿಲ ಕೂಸಿನಂತೆ ನಿದ್ರಿಸುತ್ತಿದ್ದಾರೆ. ಗೊರಕೆ ಎಂಬ ಶಬ್ದವೇ ಈ ಮನೆಯಿಂದ ಗಡೀಪಾರಾಗಿದೆ. ಅರ್ಜಿದಾರರ ಮುಖದಲ್ಲಿ ನವಯೌವನದ ಕಳೆ ಮೂಡಿದ್ದು, ನೆಂಟರಿಷ್ಟರು ಗುರುತು ಹಿಡಿಯಲಾರದೆ ತಬ್ಬಿಬ್ಬಾಗುತ್ತಿದ್ದಾರೆ. ಇಂಥ ಮಹೋಪಕಾರ ಮಾಡಿದ ತಾವು, ಇದೇ ಕೃಪೆಯನ್ನು ಮುಂದುವರಿಸಿ, ಇನ್ನೊಮ್ಮೆ ಪರೀಕ್ಷೆಗೆ ಅನುಮತಿ ನೀಡಬೇಕಾಗಿ ವಿನಂತಿ.’

ಓದಿ ಹೇಳಿದಾಗ ಭಾವನ ಕಣ್ಣು ಒದ್ದೆಯಾಯಿತು. "ಎಷ್ಟು ಚೆನ್ನಾಗಿ ಬರೆದಿದೀಯೋ! ನನ್ನ ಬಗ್ಗೆ ಯಾರೂ ಹೀಗೆ ಬರೆದಿರಲಿಲ್ಲ," ಎಂದು ಸಹಿ ಹಾಕಿದರು.

ಐದನೇ ದಿನ ಉತ್ತರ ಬಂತು. ವಿಮಾ ಕಂಪನಿಯವರೂ ಬಹಳ ಮರ್ಯಾದಸ್ಥರು. ಅರ್ಜಿದಾರರು ಸಂಪೂರ್ಣ ಗುಣಮುಖರಾದದ್ದು ತಿಳಿದು ಕಂಪನಿಗೆ ಅತೀವ ಸಂತೋಷವಾಗಿದೆಯೆಂದೂ, ಗುಣಮುಖರಾದವರಿಗೆ ಮರುಪರೀಕ್ಷೆಯ ಅಗತ್ಯ ಕಾಣದ್ದರಿಂದ ಪೂರ್ವಾನುಮತಿ ನಿರಾಕರಿಸಲಾಗಿದೆಯೆಂದೂ ಬರೆದಿದ್ದರು. ಅರ್ಜಿದಾರರ ಪತ್ರವನ್ನು ಅವರ ಒಪ್ಪಿಗೆಯಿದ್ದರೆ ಕಂಪನಿಯ ಪ್ರಚಾರ ಪುಸ್ತಿಕೆಯಲ್ಲಿ ಅಚ್ಚು ಹಾಕಿಸುವುದಾಗಿಯೂ ತಿಳಿಸಿದ್ದರು.

ಅಕ್ಕ ಪತ್ರವನ್ನು ಓದಿ, ಮಡಿಸಿ, ನನ್ನ ಮುಂದೆ ಇಟ್ಟಳು. "ತೊಟ್ಟಿಲ ಕೂಸು ಅಂತೆ! ನಿನ್ನ ಪೆನ್ನಿಗೆ ಬೆಂಕಿ ಬೀಳ. ಇವರನ್ನ ಕೊಡೆಗಳ ಜೊತೆ ಕೂಡಿಹಾಕಿ ಬಿಡ್ತೀಯಲ್ಲೋ!"

"ಪ್ರಚಾರ ಪುಸ್ತಿಕೆಲಿ ಹಾಕ್ತಾರಂತಲ್ಲ," ಎಂದೆ. ಆಮೇಲೆ ಎರಡು ದಿನ ಆ ಮನೆಯಲ್ಲಿ ನನಗೆ ಕಾಫಿ ಸಿಗಲಿಲ್ಲ.

ಮೇಲ್ಮನವಿ ಹಾಕಿದೆವು. ಈ ಸಲ ನಾನು ತೀರಾ ಚಿಕ್ಕದಾಗಿ ಒಂದೂವರೆ ಹಾಳೆ ಬರೆದೆ. ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ಮನೆಗೆ ಕಳಿಸುತ್ತೇವೆ, ಅವರು ಅಕ್ಕಪಕ್ಕದವರನ್ನೂ ಮಾತಾಡಿಸುತ್ತಾರೆ ಎಂದು ಕಂಪನಿ ತಿಳಿಸಿತು.

ಇಲ್ಲಿ ತಪ್ಪು ಯಾರದು ಎಂಬ ಬಗ್ಗೆ ಬೀದಿಯಲ್ಲಿ ಇವತ್ತಿಗೂ ಎರಡು ಪಂಗಡಗಳಿವೆ. ನಾನು ಮಾಡಿದ್ದಿಷ್ಟೇ. ಗೋಡೆಗೆ ಗೋಡೆ ಅಂಟಿಕೊಂಡಿರುವ ದರ್ಜಿಗೂ, ಮೇಲಿನ ಮನೆಯ ನಿವೃತ್ತ ಲೆಕ್ಕದ ಟೀಚರಿಗೂ, "ಸೋಮವಾರ ಭಾವನ ಬಗ್ಗೆ ವಿಚಾರಣೆ ಮಾಡೋಕೆ ಒಬ್ಬರು ಅಧಿಕಾರಿ ಬರ್ತಾರೆ. ಸ್ವಲ್ಪ ಒಳ್ಳೇ ಮಾತು ಹೇಳಿ. ಅವರ ಕೆಲಸದ ಪ್ರಶ್ನೆ," ಎಂದೆ.

ಒಳ್ಳೇ ಮಾತು! ಆ ಬೀದಿಯವರಿಗೆ ಭಾವ ಎಂದರೆ ಪ್ರಾಣ. ಇಬ್ಬರೂ ಸೊಂಟ ಕಟ್ಟಿ ನಿಂತರು.

ಅಧಿಕಾರಿ ಸಣಕಲು ಮನುಷ್ಯ, ಕಂಕುಳಲ್ಲಿ ಒಂದು ನೀಲಿ ಫೈಲು. ಮೊದಲು ದರ್ಜಿಯ ಅಂಗಡಿಗೆ ಹೋದರು. ಹಿಂದೆ ನಾನು.

"ಪಕ್ಕದ ಮನೆಯವರು ರಾತ್ರಿ ಗೊರಕೆ ಹೊಡೀತಾರಾ?"

ದರ್ಜಿ ಕತ್ತರಿ ಕೆಳಗಿಟ್ಟ. "ಗೊರಕೆನಾ? ಅವರಾ? ಯಾವ ಹೊಟ್ಟೆಕಿಚ್ಚಿನವನು ಹೇಳಿದ್ದು ನಿಮಗೆ? ಅಂಥ ಮನುಷ್ಯರನ್ನ ಈ ಊರಲ್ಲಿ ದೀಪ ಹಚ್ಚಿ ಹುಡುಕಿದ್ರೂ ಸಿಗಲ್ಲ ಸಾರ್. ಅವರು ಉಸಿರಾಡ್ತಿದಾರೋ ಇಲ್ವೋ ಅಂತ ನಮಗೇ ಎಷ್ಟೋ ಸಲ ಅನುಮಾನ ಬರುತ್ತೆ, ಅಷ್ಟು ನಿಶ್ಶಬ್ದ!"

ನಾನು ಹಿಂದಿನಿಂದ ಕೈಸನ್ನೆ ಮಾಡಿದೆ. ಇನ್ನೂ ಜೋರಾಗಿ ಹೇಳು ಎನ್ನುತ್ತಿದ್ದೇನೆ ಎಂದುಕೊಂಡು ದರ್ಜಿ ಇನ್ನೂ ಎರಡು ಮಾತು ಸೇರಿಸಿದ. ಟೀಚರು ತಾವೇ ಮಹಡಿ ಇಳಿದು ಬಂದಿದ್ದರು. "ಇಪ್ಪತ್ತು ವರ್ಷದಿಂದ ಇವರ ತಲೆಯ ಮೇಲೇ ವಾಸವಾಗಿದೀನಿ. ಒಂದೇ ಒಂದು ಸದ್ದು ಕೇಳಿಲ್ಲ. ಬೇಕಾದ್ರೆ ಬರೆದುಕೊಡ್ತೀನಿ," ಎಂದು ಅಲ್ಲೇ ಬರೆದುಕೊಟ್ಟು ಕೆಳಗೆ ದಿನಾಂಕವನ್ನೂ ಹಾಕಿದರು. ಅವರು ಬರೆದದ್ದನ್ನು ಬಾಯಲ್ಲಿ ಹಾಕಿಕೊಂಡು ನುಂಗಿಬಿಡಲೇ ಎನ್ನಿಸಿತು ನನಗೆ.

ಮನೆಯಲ್ಲಿ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಅಕ್ಕ ಮೂರು ಸಲ ನೆಲ ಒರೆಸಿದ್ದಳು.

"ಹೇಗಿದೀರಿ?" ಎಂದರು ನೀಲಿ ಫೈಲಿನವರು.

"ಚೆನ್ನಾಗಿದೀನಿ ಸಾರ್. ತಾವು?"

"ಹಗಲು ಹೊತ್ತು ನಿದ್ದೆ ಬರುತ್ತಾ?"

"ಅಯ್ಯೋ, ತಾವು ಬಂದಿರುವಾಗ ನಿದ್ದೆ ಮಾಡೋದುಂಟಾ ಸಾರ್?"

ಅಧಿಕಾರಿ ಅದನ್ನು ಬರೆದುಕೊಳ್ಳಲು ತಲೆ ತಗ್ಗಿಸಿದರು. ಬರೆದು ತಲೆಯೆತ್ತುವ ಹೊತ್ತಿಗೆ ಭಾವನ ಕಣ್ಣು ಮುಚ್ಚಿತ್ತು, ಗಲ್ಲ ಎದೆಗೆ ತಾಗಿತ್ತು. ದೇವರೇ ಕಳಿಸಿದ ಸಾಕ್ಷಿ! ‘ನೋಡಿ ಸಾರ್’ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಅಡುಗೆಮನೆಯ ಬಾಗಿಲಿನಿಂದ ಹಾರಿ ಬಂದಳು. ಅತಿಥಿಯ ಮುಂದೆ ಗಂಡ ತೂಕಡಿಸುವುದೆಂದರೆ ಅವಳ ಪಾಲಿಗೆ ಮನೆಯ ಮಾನ ಬೀದಿಯಲ್ಲಿ ಬಿದ್ದಂತೆ.

"ಧ್ಯಾನ ಮಾಡ್ತಿದಾರೆ ಸಾರ್," ಎಂದಳು. "ಮಧ್ಯೆ ಮಧ್ಯೆ ಹೀಗೆ ಮಾಡ್ತಿರ್ತಾರೆ. ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?"

ಅಧಿಕಾರಿ ಗೌರವದಿಂದ ದನಿ ತಗ್ಗಿಸಿ, "ಒಂದು ಚಮಚ," ಎಂದರು.

ವರದಿ ನಾಲ್ಕೇ ದಿನದಲ್ಲಿ ಬಂತು. ಅರ್ಜಿದಾರರು ಶಾಂತಸ್ವಭಾವದವರೆಂದೂ, ನೆರೆಹೊರೆಯ ಇಬ್ಬರು ಗೊರಕೆಯನ್ನು ಸ್ಪಷ್ಟವಾಗಿ ಅಲ್ಲಗಳೆದಿರುವರೆಂದೂ, ಹಗಲಿನಲ್ಲಿ ಧ್ಯಾನಾಭ್ಯಾಸವಿದೆಯೆಂದೂ, ಆದ್ದರಿಂದ ಮನವಿ ತಿರಸ್ಕೃತವೆಂದೂ ಅದರಲ್ಲಿತ್ತು. ತಿಂಗಳು ಮುಗಿಯಲು ಹನ್ನೊಂದು ದಿನ ಉಳಿದಿತ್ತು.

ಸಂಜೆ ಬೀದಿಯೇ ಅಕ್ಕನ ಮನೆಯಲ್ಲಿ ಸೇರಿತು. ವಿಷಯ ಅರ್ಥವಾದ ಮೇಲೆ ದರ್ಜಿ ತಲೆಯ ಮೇಲೆ ಕೈ ಹೊತ್ತು ಕೂತ. "ಮೊದಲೇ ಹೇಳಬಾರದಾಗಿತ್ತಾ ಅರ್ಜಿ ಮಾಮ? ಗೊರಕೆ ಇದೆ ಅನ್ನೋದೇ ಒಳ್ಳೇ ಮಾತು ಅಂತ ನಮಗೇನು ಗೊತ್ತು? ಅವರ ಗೊರಕೆಗೆ ನನ್ನ ಸೂಜಿಡಬ್ಬಿ ಗೋಡೆಗೂಡಿಂದ ಎರಡು ಸಲ ಬಿದ್ದಿದೆ!"

"ನಾನು ಮಂಚದ ದಿಕ್ಕನ್ನೇ ಬದಲಾಯಿಸಿದೀನಿ," ಎಂದರು ಟೀಚರು ತಲೆ ತಗ್ಗಿಸಿ.

ಭಾವ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು. "ಬಿಡ್ರಪ್ಪ, ಹೋಗ್ಲಿ. ಕೊಡೆ ರೂಮೂ ಚೆನ್ನಾಗೇ ಇದೆ. ನೆರಳು ಇದೆ, ಫ್ಯಾನ್ ಇದೆ." ಅದನ್ನು ಹೇಳುವಾಗ ಅವರ ಎಡಗೈ ತನ್ನಷ್ಟಕ್ಕೆ ಗಾಳಿಯಲ್ಲಿ ಗೇರು ಬದಲಾಯಿಸುತ್ತಿತ್ತು. ತಪ್ಪು ನನ್ನದೇ ಎಂದು ಆಗ ಮೊದಲ ಸಲ ಅನ್ನಿಸಿತು. ಬೀದಿಯ ಎರಡು ಪಂಗಡಗಳಿಗೆ ಇದನ್ನು ನಾನು ಇನ್ನೂ ಹೇಳಿಲ್ಲ.

ಮಾರನೇ ದಿನ ನಾನು, ದರ್ಜಿ, ಟೀಚರು ಮೂವರೂ ವಿಮಾ ಕಂಪನಿಯ ಕಚೇರಿಗೆ ಹೋದೆವು. ಟೋಕನ್ ತೆಗೆದುಕೊಂಡು ಎರಡು ಗಂಟೆ ಕೂತ ಮೇಲೆ ಗಾಜಿನ ಹಿಂದೆ ಸಿಕ್ಕಿದ್ದು ಅದೇ ನೀಲಿ ಫೈಲಿನವರು.

ದರ್ಜಿ ಚೀಲದಿಂದ ಒಂದು ಪ್ಯಾಂಟು ತೆಗೆದು ಕೌಂಟರಿನ ಮೇಲೆ ಹರಡಿದ. ಒಂದು ಕಾಲು ಇನ್ನೊಂದಕ್ಕಿಂತ ನಾಲ್ಕು ಬೆರಳು ಗಿಡ್ಡ. "ನೋಡಿ ಸಾರ್, ಅವರ ಗೊರಕೆಯಿಂದ ನಿದ್ದೆಗೆಟ್ಟು ನಾನು ಹೊಲಿದದ್ದು. ಗಿರಾಕಿ ಕುಂಟ್ತಾ ಬಂದು ವಾಪಸ್ ಕೊಟ್ಟ."

ಟೀಚರು ಗೊರಕೆಯ ಲೆಕ್ಕ ಹಾಕಿ ತಾವೇ ಗೆರೆ ಎಳೆದ ಒಂದು ಗ್ರಾಫ್ ಹಾಳೆಯನ್ನು ಒಳಗೆ ತೂರಿಸಿದರು. "ಅಡ್ಡಕ್ಕೆ ಸಮಯ, ಉದ್ದಕ್ಕೆ ಸದ್ದು. ಇಲ್ಲಿ ಗೆರೆ ಹಾಳೆಯಿಂದ ಹೊರಗೆ ಹೋಗಿದೆ, ಗಮನಿಸಿ."

ನೀಲಿ ಫೈಲಿನವರು ಫೈಲು ತೆರೆದರು. "ಮೇಡಂ, ಮೊನ್ನೆ ಇಪ್ಪತ್ತು ವರ್ಷದಲ್ಲಿ ಒಂದು ಸದ್ದೂ ಕೇಳಿಲ್ಲ ಅಂತ ಬರೆದುಕೊಟ್ಟಿದ್ರಿ. ದಿನಾಂಕ ಹಾಕಿದೀರಿ."

"ಮೊನ್ನೆ ಅವರ ಮರ್ಯಾದೆಯ ಪ್ರಶ್ನೆ ಇತ್ತು," ಎಂದರು ಟೀಚರು. "ಇವತ್ತು ಹೊಟ್ಟೆಪಾಡಿನ ಪ್ರಶ್ನೆ."

"ಹಾಗಾದ್ರೆ ಇದರಲ್ಲಿ ಸತ್ಯ ಯಾವುದು?"

ದರ್ಜಿ ಗಾಜಿನ ತೂತಿನ ಹತ್ತಿರ ಬಾಯಿ ತಂದು, ತುಂಬು ಹೃದಯದಿಂದ ಹೇಳಿದ: "ನಿಮಗೆ ಯಾವುದು ಬೇಕೋ ಅದೇ ಸಾರ್!"

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಫೈಲಿನ ಮೇಲೆ ಒಂದು ಕೆಂಪು ಚೀಟಿ ಅಂಟಿಸಿದರು. ಅವರೂ ಮನುಷ್ಯರೇ, ನಗು ತಡೆಯಲು ಕೆನ್ನೆ ಕಚ್ಚಿಕೊಂಡಿದ್ದರು. "ಇನ್ನು ಇದು ನನ್ನ ಕೈಲಿಲ್ಲ. ನಮ್ಮ ಹಿರಿಯ ಡಾಕ್ಟರು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ಫೋನ್ ಮಾಡ್ತಾರೆ. ಅವರು ಮಾತಾಡೋದು ಇಬ್ಬರ ಹತ್ತಿರ ಮಾತ್ರ: ರೋಗಿ, ಮತ್ತೆ ರೋಗಿಯ ಕೋಣೆಯಲ್ಲಿ ಮಲಗೋವ್ರು. ಅವರು ಹೇಳಿದ್ದೇ ಕೊನೆ. ದಯವಿಟ್ಟು," ಎಂದು ನನ್ನತ್ತ ತಿರುಗಿ, "ಪತ್ರ ಬರೀಬೇಡಿ."

ಬರೆಯಬೇಡಿ ಎಂದರೆ ಬರೆಯದೆ ಇರಲು ನಾನೇನು ಕಲ್ಲೇ? ಭಾವ ಫೋನಿನಲ್ಲಿ ಹೇಳಬೇಕಾದ್ದನ್ನು ಮೂರು ಹಾಳೆಯಲ್ಲಿ ಬರೆದು, ಎಲ್ಲಿ ನಿಟ್ಟುಸಿರು ಬಿಡಬೇಕು ಎಂಬಲ್ಲಿ ಗುರುತು ಹಾಕಿಕೊಟ್ಟೆ. ಬುಧವಾರವೆಲ್ಲ ತಾಲೀಮು ಮಾಡಿಸಿದೆ. "ನಾನು ಚೆನ್ನಾಗಿಲ್ಲ ಡಾಕ್ಟ್ರೇ," ಎಂಬುದು ಮೊದಲನೇ ಸಾಲು. ಭಾವ ಅದನ್ನು ಹೇಳುವಾಗೆಲ್ಲ ಯಾರದೋ ಚೀಲ ಕದ್ದವರಂತೆ ಅತ್ತಿತ್ತ ನೋಡುತ್ತಿದ್ದರು. ಮೂವತ್ತೊಂದನೇ ಸಲಕ್ಕೆ ಸರಿಯಾಗಿ ಬಂತು.

ಗುರುವಾರ ಹನ್ನೊಂದಕ್ಕೆ ಸರಿಯಾಗಿ ಫೋನು ಬಡಿಯಿತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆವು. ಒಂದು ಕಡೆ ಭಾವ, ಕೈಯಲ್ಲಿ ಮೂರು ಹಾಳೆ. ಇನ್ನೊಂದು ಕಡೆ ಅಕ್ಕ. ಬಾಗಿಲಿನಲ್ಲಿ ದರ್ಜಿ ಮತ್ತು ಟೀಚರು, ಬಾಯಿಗೆ ಕೈ ಅಡ್ಡ ಹಿಡಿದು.

"ನಮಸ್ಕಾರ. ನಾನು ವಿಮಾ ಕಂಪನಿಯ ಡಾಕ್ಟರು," ಎಂದಿತು ವಯಸ್ಸಾದ ಮೃದುವಾದ ದನಿ. "ಹೇಗಿದೀರಿ?"

"ಚೆನ್ನಾಗಿದೀನಿ ಡಾಕ್ಟ್ರೇ! ನೀವು ಹೇಗಿದೀರಿ?" ಎಂದರು ಭಾವ.

ಬಾಗಿಲಿನಲ್ಲಿ ದರ್ಜಿ ಗೋಡೆಗೆ ಹಣೆ ಚಚ್ಚಿಕೊಂಡ. ಭಾವನಿಗೂ ಎಡವಟ್ಟು ಗೊತ್ತಾಗಿ ಗಡಿಬಿಡಿಯಿಂದ ಹಾಳೆ ತಿರುವಿದರು. ಮೂರನೆಯದು ಮೊದಲು ಬಂತು. "ಹೀಗೆಂದು ಹೇಳಿ ನನ್ನ ದುಃಖದ ಕಥೆಯನ್ನು ಮುಗಿಸುತ್ತೇನೆ. ಇಲ್ಲಿ ನಿಟ್ಟುಸಿರು," ಎಂದು ಓದಿದರು.

ಆ ಕಡೆಯಿಂದ ಡಾಕ್ಟರು ಕೇಳಿದರು: "ನೀವು ಏನಾದ್ರೂ ಓದ್ತಿದೀರಾ?"

"ಹೌದು ಡಾಕ್ಟ್ರೇ," ಎಂದರು ಭಾವ. ಸುಳ್ಳು ಹೇಳಲು ಅವರಿಗೆ ಬರುವುದೇ ಇಲ್ಲ, ಚೆನ್ನಾಗಿದ್ದೇನೆ ಎಂಬ ಒಂದನ್ನು ಬಿಟ್ಟು.

"ಇರಲಿ. ಕೋಣೆಯಲ್ಲಿ ನಿಮ್ಮ ಜೊತೆ ಮಲಗೋವ್ರು ಇದಾರಾ? ಅವರಿಗೆ ಕೊಡಿ."

ಅಕ್ಕ ಸೆರಗು ಸರಿಮಾಡಿಕೊಂಡು ಫೋನಿನತ್ತ ಬಾಗಿದಳು. "ನಮಸ್ಕಾರ ಡಾಕ್ಟ್ರೇ. ಏನೂ ತೊಂದರೆ..." ಎಂದು ಶುರುಮಾಡಿದಳು. ‘ಇಲ್ಲ’ ಎಂಬ ಮಾತು ಅವಳ ತುದಿನಾಲಿಗೆಗೆ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ಭಾವನ ಮೇಲೆ ಬಿತ್ತು. ಅವರು ಹಾಳೆಗಳನ್ನು ಮೇಜಿನ ಮೇಲೆ ಬೋರಲಾಗಿಟ್ಟು, ಇನ್ನು ಮುಗಿಯಿತು ಎನ್ನುವವರಂತೆ ನೆಲ ನೋಡುತ್ತಾ ಕೂತಿದ್ದರು.

"ತೊಂದರೆ ಇದೆ ಡಾಕ್ಟ್ರೇ," ಎಂದಳು. "ಇವರ ಉಸಿರು ನಿಂತು ಹೋಗುತ್ತೆ."

"ಈಗಲೂ? ಯಂತ್ರ ಹಾಕ್ಕೊಂಡಾಗಲೂ?"

"ಹಾಕ್ಕೊಂಡಾಗಲೂ. ಎಂಟು ತಿಂಗಳಾಯ್ತು. ಗೊರಕೆ ಇದ್ರೆ ನನಗೆ ಭಯ ಇಲ್ಲ ಡಾಕ್ಟ್ರೇ, ಗೊರಕೆ ನಿಂತಾಗಲೇ ಭಯ. ನಿಂತ ತಕ್ಷಣ ಎಣಿಸೋಕೆ ಶುರುಮಾಡ್ತೀನಿ. ಹತ್ತಕ್ಕೆ ಬಂದ್ರೆ ಸರಿ. ಇಪ್ಪತ್ತಕ್ಕೂ ಬರದೆ ಇದ್ರೆ ಭುಜ ಹಿಡಿದು ಅಲ್ಲಾಡಿಸ್ತೀನಿ. ಆಗ ಒಂದು ದೊಡ್ಡ ಉಸಿರು ತಗೋತಾರೆ. ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಕಥೆ. ಹೋದ ತಿಂಗಳು ಒಂದ್ಸಲ ಮೂವತ್ತೆಂಟಕ್ಕೆ ಹೋಯ್ತು. ಮೂವತ್ತೆಂಟು, ಡಾಕ್ಟ್ರೇ! ನನ್ನ ಕೈಕಾಲೆಲ್ಲ ತಣ್ಣಗಾಗಿಹೋಯ್ತು."

"ರಾತ್ರಿಗೆ ಎಷ್ಟು ಸಲ ಹೀಗಾಗುತ್ತೆ?"

"ಎಂಬತ್ತರ ತನಕ ಲೆಕ್ಕ ಸಿಗುತ್ತೆ. ಆಮೇಲೆ ನನಗೇ ತಪ್ಪಿಹೋಗುತ್ತೆ."

ಭಾವ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದರು. "ಏನೇ ಇದು? ನನಗೆ ಹೇಳಲೇ ಇಲ್ಲವಲ್ಲ ನೀನು?"

"ಹೇಳಿದ್ರೆ ಬಸ್ಸಲ್ಲಿ ಕೂತು ನಾನು ನಿದ್ದೆಗೆಟ್ಟಿದ್ದನ್ನೇ ಯೋಚಿಸ್ತಿದ್ರಿ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. "ರಸ್ತೆ ನೋಡ್ತಿರ್ಲಿಲ್ಲ."

ನನ್ನ ಎರಡು ಹಾಳೆ, ಒಂದೂವರೆ ಹಾಳೆ, ಮೂರು ಹಾಳೆ ಎಲ್ಲ ಸೇರಿಸಿದರೂ ಅದರಲ್ಲಿ ಈ ಮೂವತ್ತೆಂಟು ಎಲ್ಲೂ ಇರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

"ಅಮ್ಮಾ," ಎಂದರು ಡಾಕ್ಟರು, "ಇದನ್ನ ಮೊದಲನೇ ದಿನವೇ ಆ ನಾಲ್ಕು ಗೆರೆಯಲ್ಲಿ ಬರೆದಿದ್ರೆ ಸಾಕಾಗ್ತಿತ್ತಲ್ಲ?"

"ಬರೆಯೋಕೆ ನನ್ನ ತಮ್ಮ ಬಿಡಬೇಕಲ್ಲ," ಎಂದಳು ಅಕ್ಕ.

ಪೂರ್ವಾನುಮತಿ ಅವತ್ತೇ ಮಧ್ಯಾಹ್ನ ಬಂತು. ಶುಕ್ರವಾರ ಪರೀಕ್ಷೆ ಆಯಿತು. ಒತ್ತಡ ಅರ್ಧಕ್ಕರ್ಧ ಕಡಿಮೆಯಿತ್ತೆಂದು ಡಾಕ್ಟರಮ್ಮ ಯಂತ್ರವನ್ನು ಹೊಸದಾಗಿ ಹೊಂದಿಸಿ ಕೊಟ್ಟರು, ಮೂರು ದಿನ ಕಾದು ನೋಡಿ ರಿಪೋರ್ಟಿಗೆ ಸಹಿ ಹಾಕಿದರು. ತಿಂಗಳ ಕೊನೇ ದಿನ ಭಾವ ಅದನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, ಕೊಡೆ ರೂಮಿನ ಬೀಗದ ಕೈಯನ್ನು ಅದರ ಮೇಲೆ ಇಟ್ಟು ಬಂದರು.

ಮಾರನೇ ಬೆಳಿಗ್ಗೆ ಭಾವ ಹನ್ನೊಂದನೇ ನಂಬರಿನ ಸೀಟಿನಲ್ಲಿ ಕೂತಾಗ ಅಕ್ಕನೂ ಹತ್ತಿದಳು. ಆಸ್ಪತ್ರೆಯ ಹತ್ತಿರದ ಮಾರುಕಟ್ಟೆಗೆ ಹೋಗಬೇಕು ಎಂದಳು. ಕೈಯಲ್ಲಿ ಚೀಲವೇ ಇರಲಿಲ್ಲ. ಭಾವನ ಮುಖ ಕನ್ನಡಿಯಲ್ಲಿ ಕಾಣುವ ಹಾಗೆ ಮುಂದಿನ ಸೀಟಿನಲ್ಲೇ ಕೂತು, ಕಣ್ಣರಳಿಸಿ ಕಾವಲು ಶುರುಮಾಡಿದಳು. ನಾನು ಅವಳ ಹಿಂದೆ ಕೂತೆ.

"ಇವರು ಒಂದ್ಸಲ ಆಕಳಿಸಿದ್ರೂ ನಾನೇ ಬ್ರೇಕ್ ಹಾಕಿಸ್ತೀನಿ ನೋಡು," ಎಂದಳು ನನಗೆ.

ಭಾವ ಆಕಳಿಸಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತೆ ಬಸ್ಸು ಹೊರಟಿತು. ಎರಡನೇ ನಿಲ್ದಾಣದಲ್ಲಿ ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡಳು. ಮೂರನೆಯದರಲ್ಲಿ ಕಿಟಕಿಗೆ ಒರಗಿದಳು. ನಾಲ್ಕನೆಯದು ಬರುವುದರೊಳಗೆ ಅವಳ ಬಾಯಿ ತೆರೆದುಕೊಂಡಿತ್ತು. ಎಂಟು ತಿಂಗಳ ನಿದ್ದೆ ಒಟ್ಟಿಗೇ ಬಂದು ಅವಳ ಮೇಲೆ ಬಿದ್ದಿತ್ತು. ಸಣ್ಣಗೆ ಗೊರಕೆ ಕೂಡ ಕೇಳುತ್ತಿತ್ತು. ಅಕ್ಕನಿಗೆ ಇದನ್ನು ಯಾರೂ ಹೇಳಬಾರದೆಂದು ನಾವು ಆಮೇಲೆ ತೀರ್ಮಾನಿಸಿಕೊಂಡೆವು.

ಮಾರುಕಟ್ಟೆ ಬಂತು. ಕಂಡಕ್ಟರ್ ಹುಡುಗಿ ಬಂದು, "ಎಬ್ಬಿಸ್ಲಾ?" ಎಂದಳು. ಭಾವ ಕನ್ನಡಿಯಲ್ಲಿ ನೋಡಿ ಬೇಡವೆಂದು ತಲೆಯಾಡಿಸಿದರು. ಆಮೇಲೆ ಬೆರಳಿನಿಂದ ಗಂಟೆಯ ಹಗ್ಗ ತೋರಿಸಿ, ಅದೂ ಬೇಡ ಎಂದರು. ಆ ಹುಡುಗಿ ಸೀಟಿನಿಂದ ಸೀಟಿಗೆ ಹೋಗಿ ಪ್ರಯಾಣಿಕರ ಕಿವಿಯಲ್ಲಿ ಏನೋ ಹೇಳಿದಳು. ಅಲ್ಲಿಂದ ಮುಂದೆ ಇಳಿಯುವವರೆಲ್ಲ ತುದಿಗಾಲಿನಲ್ಲಿ ಮುಂದೆ ಬಂದು, ಭಾವನ ಕಿವಿಯ ಹತ್ತಿರ ಬಾಗಿ, "ಮುಂದಿನ ಸ್ಟಾಪು," ಎಂದು ಪಿಸುಗುಟ್ಟಿ ಇಳಿದರು. ಆಸ್ಪತ್ರೆಯಲ್ಲಿ ಓಡಿ ಬಂದು ಹತ್ತಿದ ನರ್ಸು ಏದುಸಿರನ್ನೂ ಕೈಯಿಂದ ಮುಚ್ಚಿಕೊಂಡಳು.

ಗಾಜಿನ ಕಾರ್ಖಾನೆಯ ಗೇಟಿನಲ್ಲಿ ಬಸ್ಸು ಖಾಲಿಯಾಯಿತು. ಭಾವ ಎಂಜಿನ್ ಆರಿಸಲಿಲ್ಲ, ಆರಿಸಿದರೆ ಸದ್ದು ನಿಂತು ಅವಳಿಗೆ ಎಚ್ಚರವಾದೀತು ಎಂದು. ಹಿಂದಕ್ಕೆ ಹೋಗುವ ಜನ ಹತ್ತಿದರು. ಕಂಡಕ್ಟರ್ ಹುಡುಗಿ ನನ್ನ ಹತ್ತಿರ ಬಂದು ಬಾಗಿ, "ನಿಮಗೆ ಎಲ್ಲೀವರೆಗೆ?" ಎಂದು ಪಿಸುಮಾತಿನಲ್ಲಿ ಕೇಳಿದಳು.

"ನಮ್ಮಕ್ಕ ಏಳೋವರೆಗೆ," ಎಂದೆ.

ಅವಳು ಎರಡು ಟಿಕೆಟ್ಟುಗಳನ್ನು ಸದ್ದಾಗದಂತೆ ಹರಿದು ಕೊಟ್ಟಳು.